ಕರ್ವ್ಸ್ ಮಾಡಬ್ಯಾಡ್ರಿ: ಡಿಟಿಪಿ ಅಂಗಡಿಯ ಗೆಳೆಯರಿಗೆ ಒಂದು ಬಹಿರಂಗ ಪತ್ರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯಲ್ಲಿ ಬಸ್‌ಸ್ಟ್ಯಾಂಡಿನ ಎದುರಿಗೋ ತಹಸೀಲ ಕಚೇರಿಯ ಮಗ್ಗುಲಿಗೋ ಒಂದು ಕಂಪ್ಯೂಟರ್, ಒಂದು ಝೆರಾಕ್ಸ್ ಮಷೀನು, ಒಂದು ಲ್ಯಾಮಿನೇಷನ್ ಡಬ್ಬಿ ಇಟ್ಟುಕೊಂಡು ಕೂತಿರುವ ತಮ್ಮಂದಿರಿಗೆ, ತಂಗಿಯರಿಗೆ,



ನಿಮ್ಮಲ್ಲಿ ಹಲವರಿಗೆ ನನ್ನ ಗುರುತು ಇದ್ದೇ ಇದೆ. ನಿಮ್ಮ ಕುರ್ಚಿಯ ಹಿಂದೆ ಕೆಂಪು ಪೆನ್ನು ಹಿಡಿದು ನಿಂತು, ‘ತಮ್ಮಾ, ಇಲ್ಲಿ ದೀರ್ಘ ಬಿಟ್ಟೀದಿ, ಅಲ್ಲಿ ಒತ್ತು ತಪ್ಪೇದ’ ಎಂದು ಜೀವ ತಿಂದ ಕನ್ನಡ ಮಾಸ್ತರ ನಾನು. ಶಾಲೆಯ ವಾರ್ಷಿಕ ಸಂಚಿಕೆ, ಜಾತ್ರೆಯ ಹ್ಯಾಂಡ್‌ಬಿಲ್ಲು, ನಿವೃತ್ತರಾದವರ ಅಭಿನಂದನ ಗ್ರಂಥ, ನೆಂಟರ ಲಗ್ನಪತ್ರ ಎಂದು ಮೂವತ್ತು ವರ್ಷ ನಿಮ್ಮ ಅಂಗಡಿ ಮೆಟ್ಟಿಲು ಸವೆಸಿದ್ದೇನೆ. ಕರೆಂಟ್ ಹೋದಾಗ ನಿಮ್ಮ ಸಂಗಡವೇ ಚಹಾ ಕುಡಿದಿದ್ದೇನೆ. ಸೇವ್ ಮಾಡದ ಮೂರು ಪುಟ ಹಾಳಾದಾಗ ನಿಮ್ಮ ಸಂಗಡವೇ ಹಣೆ ಚಚ್ಚಿಕೊಂಡಿದ್ದೇನೆ.

ನಿವೃತ್ತನಾದ ಮೇಲೆ ಒಂದು ಹುಚ್ಚು ಹಿಡಿಯಿತು. ನನ್ನ ಹಳೆಯ ವೆಬ್‌ಸೈಟನ್ನು ಕೆಡವಿ, ನಾನೇ ಕಲಿತು, ನಾನೇ ಮತ್ತೆ ಕಟ್ಟಿದೆ. ಹದಿನಾಲ್ಕು ತಿಂಗಳು ಹಿಡಿಯಿತು. ಮನೆಯವಳು ‘ಈ ಹೊತ್ತಿನಾಗ ಮನಿ ಒಂದು ಕಟ್ಟಬಹುದಿತ್ತು’ ಅಂದಳು. ಆ ಕೆಲಸ ಮಾಡುವಾಗ ಪದೇಪದೇ ಕಣ್ಮುಂದೆ ಬಂದವರು ನೀವು. ಯಾಕೆ ಎಂದು ಹೇಳುವುದಕ್ಕೇ ಈ ಪತ್ರ.

2005ರಲ್ಲಿ ನನ್ನ ಮೊದಲ ಸೈಟು ಸೇಡಂನ ಒಂದು ಡಿಟಿಪಿ ಅಂಗಡಿಯಲ್ಲಿಯೇ ಹುಟ್ಟಿತ್ತು. ಮಳಖೇಡ, ಸನ್ನತಿ, ನಾಗಾವಿಯ ಮೇಲೆ ನಾನು ಬರೆದ ಲೇಖನಗಳು, ಊರೂರು ತಿರುಗಿ ಕೂಡಿಹಾಕಿದ ನಮ್ಮ ಕಡೆಯ ಆರುನೂರು ಮಾತುಗಳ ಪಟ್ಟಿ, ಒಂದಷ್ಟು ಫೋಟೋ. ಹಳದಿ ಹಿನ್ನೆಲೆ, ಕೆಂಪು ಅಕ್ಷರ, ಬಲದಿಂದ ಎಡಕ್ಕೆ ಓಡುವ ‘ಸುಸ್ವಾಗತ’, ಕೆಳಗೆ ಬಂದುಹೋದವರ ಲೆಕ್ಕ ಇಡುವ ಮೀಟರು. ಅಕ್ಷರ ನುಡಿಯಲ್ಲಿ ಹೊಡೆದದ್ದು. ಮೇಲ್ಗಡೆ ‘ಓದಲು ಬರದಿದ್ದರೆ ಈ ಫಾಂಟ್ ಇಳಿಸಿಕೊಳ್ಳಿ’ ಎಂಬ ಸೂಚನೆ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಊರಿಗೆಲ್ಲ ಪೇಢೆ ಹಂಚಿದ್ದೆ.

ಮುಂದೆ ಎಲ್ಲರ ಕೈಗೂ ಫೋನು ಬಂತು. ಪುಣೆಯಲ್ಲಿ ಕೆಲಸಕ್ಕಿರುವ ಹಳೆಯ ವಿದ್ಯಾರ್ಥಿಯೊಬ್ಬ ರಾತ್ರಿ ಹತ್ತಕ್ಕೆ ಫೋನು ಮಾಡಿ, ‘ಮಾಸ್ತರ, ನಿಮ್ಮ ಸೈಟಿಗಿ ಏನಾಗ್ಯಾದ್ರಿ? ಬರೇ ಇಂಗ್ಲಿಷ್ ಅಕ್ಷರ ಅವ, ಅದರ ಮ್ಯಾಲೆ ಕೋಡು, ಟೊಪ್ಪಿಗಿ ಮೂಡ್ಯಾವ’ ಅಂದ. ತೆರೆದು ನೋಡಿದೆ. ಖರೆ. ಹದಿನೈದು ವರ್ಷದ ಬರಹ ನನಗೇ ಓದಲು ಬಾರದಂತಾಗಿತ್ತು.

ಇದರ ಒಳಗುಟ್ಟು ನಿಮಗೆ ಗೊತ್ತಿರಬೇಕು, ಯಾಕೆಂದರೆ ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ಇರುವುದೆಲ್ಲ ಇದೇ ಸರಕು. ಹಳೆಯ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಕನ್ನಡ ಅನ್ನುವುದು ಕಂಪ್ಯೂಟರಿಗೆ ಕನ್ನಡವೇ ಅಲ್ಲ. ಒಂದು ಫಾಂಟಿನಲ್ಲಿ 256 ಖಾನೆ. ಆ ಖಾನೆಗಳಲ್ಲಿ ಇಂಗ್ಲಿಷಿನ ಮತ್ತು ಯುರೋಪಿನ ಅಕ್ಷರಗಳಿದ್ದ ಜಾಗಕ್ಕೆ ನಮ್ಮ ತಲೆಕಟ್ಟು, ಗುಡಿಸು, ಒತ್ತುಗಳ ಚೂರುಗಳನ್ನು ತಂದು ಕೂರಿಸಿದ್ದರು. ಮಷೀನಿನ ಲೆಕ್ಕದಲ್ಲಿ ಅದು ಇಂಗ್ಲಿಷೇ. ನಮ್ಮ ಕಣ್ಣಿಗೆ ಮಾತ್ರ ಕನ್ನಡದ ವೇಷ. ನುಡಿಯವರ ಖಾನೆ ಒಂದು ಥರ, ಶ್ರೀಲಿಪಿಯವರದು ಇನ್ನೊಂದು ಥರ. ಫಾಂಟು ತೆಗೆದರೆ ವೇಷ ಕಳಚಿತು.

ಯುನಿಕೋಡಿನ ಬಗೆ ಬೇರೆ. ಅಲ್ಲಿ ಕನ್ನಡಕ್ಕೇ ಅಂತ 128 ಮನೆಗಳ ಸ್ವಂತ ಓಣಿ ಇದೆ. 1991ರ ಮೊದಲ ಆವೃತ್ತಿಯಿಂದಲೇ ಇದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟು ಬಂದೇ ಬಂದಿತ್ತು. ಹಾಗಿದ್ದರೆ 2005ರಲ್ಲಿ ನಾವು ಅದರಲ್ಲೇ ಯಾಕೆ ಮಾಡಲಿಲ್ಲ? ಸೈಟು ಮಾಡಿಕೊಟ್ಟ ಅಂಗಡಿಯ ಹುಡುಗನನ್ನು ಬೈಯುವ ಹಾಗಿಲ್ಲ. ಅವನ ಹೊಟ್ಟೆಪಾಡು ಪೇಜ್‌ಮೇಕರ್ ಮೇಲೆ ನಿಂತಿತ್ತು, ಪೇಜ್‌ಮೇಕರಿಗೆ ಯುನಿಕೋಡ್ ಬರುತ್ತಿರಲಿಲ್ಲ. ಹಳೆಯ ಕೋರೆಲ್‌ಡ್ರಾ ಕೂಡ ಕನ್ನಡದ ಒತ್ತುಗಳನ್ನು ಚೆಲ್ಲಾಪಿಲ್ಲಿ ಮಾಡುತ್ತಿತ್ತು. ಪ್ರಿಂಟಿಂಗ್ ಪ್ರೆಸ್ಸಿನವರು ಕೇಳಿದ್ದನ್ನು ನೀವು ಕೊಟ್ಟಿರಿ, ನೀವು ಕೊಟ್ಟದ್ದನ್ನು ನಾನು ಒಯ್ದೆ. ಆದರೆ ಅಷ್ಟರಲ್ಲಿ ಬೇರೆ ಕಡೆ ಬೇರೆ ಕೆಲಸ ನಡೆದಿತ್ತು. ಯು.ಬಿ. ಪವನಜ ಅವರು 1996ರಲ್ಲಿಯೇ ‘ವಿಶ್ವಕನ್ನಡ’ವನ್ನು ಅಂತರಜಾಲಕ್ಕೆ ಏರಿಸಿದ್ದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತ್ತು. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆ ಇತ್ತು. 2003ಕ್ಕೆ ಕನ್ನಡ ವಿಕಿಪೀಡಿಯ ಶುರುವಾಯಿತು. ನಿಮ್ಮ ಬೆರಳಿಗೆ ರೂಢಿಯಾಗಿರುವ ಆ ಕೀಲಿಮಣೆಯೇ ಇವತ್ತು ಯುನಿಕೋಡಿಗೂ ನಡೆಯುತ್ತದೆ, ಲಿನಕ್ಸಿನಲ್ಲಿ ಕೂಡ ‘ಕಗಪ’ ಹೆಸರಿನಲ್ಲಿ ಸಿಗುತ್ತದೆ. ಅಂದರೆ ಬೆರಳು ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ.

ಪುಣೆಯಿಂದ ಫೋನು ಬಂದ ಆ ರಾತ್ರಿ ನನಗೆ ನೆನಪಾದದ್ದು ಸನ್ನತಿಯ ಕಲ್ಲು. ಚಿತ್ತಾಪುರದವರಿಗೆ ಇದು ಹೊಸ ಕಥೆಯಲ್ಲ. ಭೀಮಾ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿ ಒಡೆದು, ಅದರ ಕೆಳಗಿನ ಪೀಠದ ಕಲ್ಲು ಕಂಡಿತು. ನೋಡಿದರೆ ಅದು ಅಶೋಕನ ಶಾಸನ! ಯಾವುದೋ ಕಾಲದಲ್ಲಿ ಯಾರೋ ಅದರ ಬ್ರಾಹ್ಮಿ ಲಿಪಿ ತಿಳಿಯದೆ, ನಡುವೆ ಚೌಕ ತೂತು ಕೊರೆದು ಮೂರ್ತಿ ಕೂರಿಸಿದ್ದರು. ತೂತಿನ ಜಾಗದಲ್ಲಿದ್ದ ಅಕ್ಷರ ಹೋದವು. ಬ್ರಾಹ್ಮಿಯನ್ನು ಓದುವ ಬಗೆ ಜನಕ್ಕೆ ಮರೆತೇ ಹೋಗಿತ್ತು, ಮತ್ತೆ ತಿಳಿದದ್ದು 1837ರ ಸುಮಾರಿಗೆ ಜೇಮ್ಸ್ ಪ್ರಿನ್ಸೆಪ್ ಬಿಡಿಸಿದಾಗ. ಅಕ್ಷರ ಕಲ್ಲಿನ ಮೇಲಿದ್ದರೂ ಓದುವ ಕೀಲಿ ಕಳೆದರೆ ಕಲ್ಲು ಪೀಠವಾಗುತ್ತದೆ. ಬ್ರಾಹ್ಮಿ ಮರೆಯುವುದಕ್ಕೆ ನೂರಾರು ವರ್ಷ ಬೇಕಾಯಿತು, ನಾವು ಹದಿನೈದೇ ವರ್ಷದಲ್ಲಿ ಆ ಕೆಲಸ ಮುಗಿಸಿದ್ದೇವೆ.

ಸರಿ, ಕೀಲಿ ಇನ್ನೂ ಇದೆ. ಹಳೆಯ ಬರಹವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳನ್ನು ಮಾಡಿದ ಅರವಿಂದ ವಿ.ಕೆ. ಅವರು ಬರೆದಿಟ್ಟ ಪರಿವರ್ತಕದಲ್ಲಿ ನಾನು ಕೆಲಸ ಮಾಡಿದೆ. ಒಂದು ಗುಂಡಿ ಒತ್ತಿದರೆ ಪುಟಕ್ಕೆ ಪುಟ ಕನ್ನಡವಾಗಿ ನಿಲ್ಲುತ್ತದೆ, ನೋಡಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಗುಂಡಿ ಒತ್ತಿ ಎದ್ದು ಹೋಗುವ ಹಾಗಿಲ್ಲ. ಅರ್ಕಾವೊತ್ತು ನೋಡಿ. ‘ಸೂರ್ಯ’ ಬರೆಯುವಾಗ ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಂಡ ಹಾಗೆ ಮೊದಲು ಯ, ಆಮೇಲೆ ಅರ್ಕಾವೊತ್ತು. ಯುನಿಕೋಡಿನಲ್ಲಿ ಬಾಯಿ ನುಡಿದ ಹಾಗೆ ಮೊದಲು ರ, ಹಲಂತ, ಆಮೇಲೆ ಯ. ಪರಿವರ್ತಕ ಇದನ್ನು ಹಿಂದುಮುಂದು ಮಾಡಿ ಕೂರಿಸಬೇಕು, ಎಲ್ಲೋ ಒಂದೊಂದು ಕಡೆ ಎಡವುತ್ತದೆ. ಇನ್ನು ನಡುನಡುವೆ ನಿಜವಾದ ಇಂಗ್ಲಿಷ್ ಹೊಡೆದಿದ್ದರೆ ಗತಿ ಕೆಟ್ಟಿತು. ಪರಿವರ್ತಕಕ್ಕೆ ಯಾವುದು ವೇಷದ ಇಂಗ್ಲಿಷ್, ಯಾವುದು ಖರೆ ಇಂಗ್ಲಿಷ್ ಎಂದು ತಿಳಿಯದು. ವಾಡಿಯ ಮೇಲಿನ ನನ್ನ ಲೇಖನದಲ್ಲಿ ಸಿಮೆಂಟ್ ಕಂಪನಿಯ ಹೆಸರು ಎಸಿಸಿ ಎಂದು ಇಂಗ್ಲಿಷಿನಲ್ಲಿ ಇದ್ದಲ್ಲೆಲ್ಲ ಯಾವುದೋ ದೇವರ ಮಂತ್ರದಂತಹ ಕನ್ನಡ ಚೂರುಗಳು ಬಂದು ಕೂತಿದ್ದವು. ಇದಕ್ಕೆ ಪ್ರೂಫ್ ನೋಡುವ ಕಣ್ಣೇ ಬೇಕು. ಅದು ನಿಮ್ಮ ಹತ್ತಿರವೂ ಇದೆ, ನನ್ನ ಹತ್ತಿರವೂ ಇದೆ, ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ನನ್ನ ಸೋದರಳಿಯನ ಹತ್ತಿರ ಇಲ್ಲ.

ಅವನ ಕಥೆ ಬಂತೆಂದು ಹೇಳುತ್ತೇನೆ. ಹೊಸ ಸೈಟು ಹೇಗೆ ಕಟ್ಟಲಿ ಎಂದು ಮೊದಲು ಅವನನ್ನೇ ಕೇಳಿದೆ. ಅವನು ಒಂದು ಭಾರೀ ಚೌಕಟ್ಟಿನ ಹೆಸರು ಹೇಳಿ, ಫೋನಿನಲ್ಲೇ ನಾಲ್ಕು ಆಜ್ಞೆ ಬರೆಸಿದ. ಕಂಪ್ಯೂಟರ್ ಅರ್ಧ ಗಂಟೆ ಏನೇನನ್ನೋ ಇಳಿಸಿಕೊಂಡಿತು. ನಲವತ್ತು ಪುಟದ ನನ್ನ ಸೈಟಿಗೆ ಸಾವಿರಾರು ಫೈಲುಗಳು! ತಂಬಿಗಿ ನೀರಿಗೆ ಟ್ಯಾಂಕರ್ ತರಿಸಿದ ಹಾಗಾಯಿತು. ಒಂದು ತಿಂಗಳು ಅದರಲ್ಲಿ ಬಿದ್ದು ಒದ್ದಾಡಿ, ಎಲ್ಲ ಅಳಿಸಿ, ನೋಟ್‌ಪ್ಯಾಡ್ ತೆರೆದು ಮೊದಲ ಸಾಲು ಬರೆದೆ. ಬರೀ ಎಚ್‌ಟಿಎಂಎಲ್. 1991ರಲ್ಲಿ ಟಿಮ್ ಬರ್ನರ್ಸ್-ಲೀ ಜಗತ್ತಿಗೆ ತೋರಿಸಿದ ಮೊದಲ ಪುಟ ಯಾವ ಬಗೆಯದೋ ಅದೇ ಬಗೆಯದು. ಆ ಪುಟ ಇವತ್ತಿನ ಫೋನಿನಲ್ಲೂ ತೆರೆಯುತ್ತದೆ ಅನ್ನುವುದೇ ನನಗೆ ಸಾಕ್ಷಿ.

ಇಲ್ಲಿಂದ ನೀವು ಕಣ್ಮುಂದೆ ಬರತೊಡಗಿದಿರಿ. ಎಚ್‌ಟಿಎಂಎಲ್ ಅಂದರೆ ಇದು ಶೀರ್ಷಿಕೆ, ಇದು ಪ್ಯಾರಾ, ಇದು ಚಿತ್ರ ಎಂದು ಗುರುತು ಹಾಕುವುದು. ನನ್ನ ಹಸ್ತಪ್ರತಿಯ ಅಂಚಿನಲ್ಲಿ ನೀವು ಪೆನ್ಸಿಲಿನಿಂದ ಹಾಕಿಕೊಳ್ಳುತ್ತಿದ್ದ ಗುರುತೇ ಅದು. ಸಿಎಸ್‌ಎಸ್ ಅಂದರೆ ಪೇಜ್‌ಮೇಕರಿನ ಸ್ಟೈಲ್ಸ್. ಶೀರ್ಷಿಕೆ ಇಷ್ಟು ಪಾಯಿಂಟ್, ಇಂಥ ಬಣ್ಣ ಎಂದು ಒಂದು ಕಡೆ ಬರೆದರೆ ಎಲ್ಲ ಪುಟಕ್ಕೂ ಹತ್ತುತ್ತದೆ. ಮಾಸ್ಟರ್ ಪೇಜಿನಲ್ಲಿ ಪುಟಸಂಖ್ಯೆ, ತಲೆಬರಹ ಇಡುತ್ತಿದ್ದಿರಲ್ಲ, ವೆಬ್ಬಿನ ಟೆಂಪ್ಲೇಟು ಅದೇ. ಪೆನ್‌ಡ್ರೈವಿನಲ್ಲಿ ಪೇಜ್‌ಮೇಕರ್ ಫೈಲು ಮಾತ್ರ ಒಯ್ದು, ಫೋಟೋದ ಫೋಲ್ಡರ್ ಮರೆತು, ಕಲಬುರಗಿಯ ಪ್ರೆಸ್ಸಿನಲ್ಲಿ ಖಾಲಿ ಚೌಕ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡವರು ನಿಮ್ಮಲ್ಲಿ ಎಷ್ಟು ಜನ? ವೆಬ್ಬಿನಲ್ಲಿ ಚಿತ್ರ ಕಾಣದಿದ್ದರೆ ಹತ್ತಕ್ಕೆ ಒಂಬತ್ತು ಸಲ ಕಾರಣ ಅದೇ, ದಾರಿ ತಪ್ಪಿದ ಫೋಲ್ಡರ್. ಇದೆಲ್ಲ ನಿಮ್ಮ ಕೈಗೆ ಬಂದ ವಿದ್ಯೆ. ಹೆಸರು ಮಾತ್ರ ಬೇರೆ. ನನಗೆ ಹದಿನಾಲ್ಕು ತಿಂಗಳು ಹಿಡಿದದ್ದು ನಿಮಗೆ ಮೂರು ತಿಂಗಳಿಗೆ ಆದೀತು.

ಆದರೆ ಒಂದು ವಿಷಯದಲ್ಲಿ ಕಾಗದದ ಅಭ್ಯಾಸ ಬಿಡಬೇಕು. ಕಾಗದದ ಅಳತೆ ಬದಲಾಗುವುದಿಲ್ಲ, ಎ4 ಅಂದರೆ ಎ4. ಪರದೆ ಹಾಗಲ್ಲ. ನನ್ನ ಹಳೆಯ ಸೈಟಿನಲ್ಲಿ ಇಡೀ ಪುಟವನ್ನು ಕೋಷ್ಟಕ ಹಾಕಿ ಹಿಡಿದಿದ್ದೆವು, ಫೋನಿನಲ್ಲಿ ಅದು ಅಂಚೆಚೀಟಿಯಷ್ಟಾಗಿ ಕಾಣುತ್ತಿತ್ತು. ಇದಕ್ಕೆ ಪರಿಹಾರವಾದ ಸಿಎಸ್‌ಎಸ್ ಗ್ರಿಡ್ ನನಗೆ ಪುಸ್ತಕದಿಂದ ತಿಳಿಯಲಿಲ್ಲ, ಮನೆಯ ಹಿಂದಿನ ಕೋಣೆಗೆ ಶಹಾಬಾದ್ ಫರ್ಸಿ ಹಾಕಿಸುವಾಗ ತಿಳಿಯಿತು. ಗೌಂಡಿ ಒಂದೂ ಕಲ್ಲು ಇಡುವ ಮೊದಲು ಗೋಡೆಯಿಂದ ಗೋಡೆಗೆ ದಾರ ಕಟ್ಟಿದ. ಎಷ್ಟು ಸಾಲು, ಎಷ್ಟು ಸಂದು ಎಂದು ಲೆಕ್ಕ ಹಾಕಿದ. ಆಮೇಲೆ ಕಲ್ಲು. ‘ಕೋಣಿ ಸಣ್ಣದಾದ್ರ?’ ಅಂತ ಕೇಳಿದೆ. ‘ಕಲ್ಲು ಅದೇ ರೀ, ಸಾಲು ಕಮ್ಮಿ’ ಅಂದ. ಗ್ರಿಡ್ ಅಂದರೆ ಇಷ್ಟೇ. ಮೊದಲು ದಾರ, ಸಾಲು, ಸಂದು. ಪರದೆ ಅಗಲವಿದ್ದರೆ ಮೂರು ಸಾಲು, ಫೋನಿನಲ್ಲಿ ಒಂದೇ ಸಾಲು, ಕಲ್ಲು ಅವೇ. ಪರದೆಗೆ ತಕ್ಕಂತೆ ಪುಟ ಬಾಗಬೇಕು ಎಂಬ ಈ ಮಾತನ್ನು ಈಥನ್ ಮಾರ್ಕಾಟ್ ಎಂಬಾತ 2010ರಲ್ಲಿ ಬರೆದು ಲೋಕಕ್ಕೆಲ್ಲ ಒಪ್ಪಿಸಿದ. ಶಹಾಬಾದಿನ ಗೌಂಡಿಗಳನ್ನು ಕೇಳಿದ್ದರೆ ಇನ್ನೂ ಮೊದಲೇ ಹೇಳುತ್ತಿದ್ದರು.

ಕನ್ನಡಕ್ಕೇ ವಿಶೇಷವಾದ ತೊಡಕುಗಳೂ ಇವೆ, ಅವನ್ನು ಇಂಗ್ಲಿಷಿನ ಪಾಠಗಳು ಹೇಳುವುದಿಲ್ಲ. ಮಳಖೇಡದ ಪುಟದಲ್ಲಿ ನನಗೆ ದೊಡ್ಡ ಅವಮಾನವಾಯಿತು. ನೃಪತುಂಗನ ರಾಜಧಾನಿ, ಶ್ರೀವಿಜಯನ ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನ, ಪುಷ್ಪದಂತ ಅಪಭ್ರಂಶದಲ್ಲಿ ಮಹಾಪುರಾಣ ಬರೆದ ಊರು. ಅಂಥ ಪುಟದ ಶೀರ್ಷಿಕೆಯಲ್ಲಿ ‘ರಾಷ್ಟ್ರಕೂಟ’ ಎಂಬ ಶಬ್ದದ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಹೊಡೆಯುತ್ತಿದ್ದವು. ಷ ಕೆಳಗೆ ಟ, ಅದರ ಬಗಲಿಗೆ ರ. ಇಂಗ್ಲಿಷ್ ಅಕ್ಷರಕ್ಕೆ ಸಾಲಿನ ಎತ್ತರ ಅಕ್ಷರದ 1.2 ಪಟ್ಟು ಇದ್ದರೆ ನಡೆಯುತ್ತದೆ, ನಮಗೆ 1.7 ಆದರೂ ಬೇಕು. ಒಂದು ಅಂಕಿ ಬದಲಿಸಿದೆ, ಪುಟ ಉಸಿರಾಡಿತು. ಅದೇ ಶಬ್ದ ಇನ್ನೊಂದು ಪಾಠವನ್ನೂ ಕಲಿಸಿತು. ನಮ್ಮ ಕಣ್ಣಿಗೆ ಅದು ನಾಲ್ಕು ಅಕ್ಷರ: ರಾ, ಷ್ಟ್ರ, ಕೂ, ಟ. ಯುನಿಕೋಡಿನ ಲೆಕ್ಕಕ್ಕೆ ಹತ್ತು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟಿನಂತೆ 30 ಬೈಟು. ‘ಶೀರ್ಷಿಕೆ ಇಪ್ಪತ್ತು ಅಕ್ಷರ ಮೀರಿದರೆ ಕತ್ತರಿಸು’ ಎಂದು ಜಾವಾಸ್ಕ್ರಿಪ್ಟಿಗೆ ಹೇಳಿದ್ದೆ. ಅದು ಷ ಮತ್ತು ಟ ನಡುವೆ ಕತ್ತರಿ ಆಡಿಸಿ, ಅರ್ಧ ಅಕ್ಷರವನ್ನು ನೇತುಹಾಕಿತು. ಕನ್ನಡದ ಮಾಸ್ತರನ ಸೈಟಿನಲ್ಲಿ!

ಮಾತುಗಳ ಪಟ್ಟಿಯದು ಇನ್ನೂ ಮಜಾ. ಅಕಾರಾದಿಯಾಗಿ ಜೋಡಿಸು ಎಂದರೆ ಜಾವಾಸ್ಕ್ರಿಪ್ಟು ಯುನಿಕೋಡಿನ ಅಂಕಿ ನೋಡಿ ಜೋಡಿಸುತ್ತದೆ. ಯುನಿಕೋಡಿನಲ್ಲಿ ಲ ಆದ ಕೂಡಲೇ ಳ ಕೂತಿದೆ. ನಮ್ಮ ವರ್ಣಮಾಲೆಯಲ್ಲಿ ಳ ಇರುವುದು ಹ ಆದ ಮೇಲೆ, ಕಟ್ಟಕಡೆಗೆ. ಹೀಗಾಗಿ ಹಲಗಿ, ಹಳ್ಳ, ಹವಾ, ಹಸಬಿ ಎಂದು ಬಂತು. ನಿಘಂಟಿನಲ್ಲಿ ಹಳ್ಳ ಹಸಬಿಯ ನಂತರ ಬರಬೇಕು. ‘ಕನ್ನಡದ ಪ್ರಕಾರ ಹೋಲಿಸು’ ಎಂದು ಭಾಷೆಯ ಹೆಸರು ಹೇಳಿಕೊಡುವ ಒಂದು ವಿಧಾನ ಜಾವಾಸ್ಕ್ರಿಪ್ಟಿನಲ್ಲಿ ಇದೆ, ಅದನ್ನು ಹುಡುಕಲು ನನಗೆ ಎಂಟು ದಿನ ಬೇಕಾಯಿತು. ನಿಮಗೆ ಎಂಟು ನಿಮಿಷದಲ್ಲಿ ತೋರಿಸುತ್ತೇನೆ.

ಫೋಟೋಗಳ ವಿಷಯದಲ್ಲಿ ನನ್ನ ಕಣ್ಣು ತೆರೆಸಿದವನು ಕಣ್ಣಿಲ್ಲದ ಶಿಷ್ಯ. ಅವನು ಪರದೆಯನ್ನು ಓದಿ ಹೇಳುವ ತಂತ್ರಾಂಶದಿಂದ ಓದುತ್ತಾನೆ, ಅಂದರೆ ಕೇಳುತ್ತಾನೆ. ಅದಕ್ಕೆ ಕನ್ನಡವೂ ಬರುತ್ತದೆ, ದನಿ ಸ್ವಲ್ಪ ಡಬ್ಬಿಯೊಳಗಿಂದ ಬಂದ ಹಾಗೆ. ಹೊಸ ಸೈಟು ಹೇಗಿದೆ ಎಂದು ಕೇಳಿದೆ. ‘ಬರಹ ಎಲ್ಲಾ ಛಲೋ ಕೇಳ್ತದ್ರಿ ಸರ. ಆದ್ರ ನಡುನಡುವ ಐಎಂಜಿ ಸೊನ್ನಿ ಸೊನ್ನಿ ನಾಲ್ಕು ಏಳು ಅಂತ ಅನ್ಲಿಕತ್ಯಾದ, ಅದೇನ್ರಿ?’ ಅಂದ. ಅವು ಸನ್ನತಿ ಬಗಲಿನ ಕನಗನಹಳ್ಳಿಯ ಸ್ತೂಪದ ಚಿತ್ರಗಳು. ನಾನು ಹೆಸರು ಬರೆದಿರಲಿಲ್ಲ. ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಆ ಸ್ತೂಪದಲ್ಲಿ ರಾಣಿಯೊಂದಿಗೆ ಅಶೋಕ ನಿಂತಿರುವ ಶಿಲ್ಪ ಇದೆಯಲ್ಲ, ಅವನು ಅಶೋಕನೇ ಎಂದು ನಮಗೆ ಗೊತ್ತಾದದ್ದು ಹೇಗೆ? ಕೆತ್ತಿದವನು ಬದಿಗೆ ಬ್ರಾಹ್ಮಿಯಲ್ಲಿ ‘ರಾಯ ಅಸೋಕೋ’ ಎಂದು ಹೆಸರು ಕೊರೆದಿದ್ದಾನೆ. ಅದೊಂದು ಸಾಲು ಇಲ್ಲದಿದ್ದರೆ ಅವನು ಯಾವನೋ ಒಬ್ಬ ರಾಜ. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಶಿಲ್ಪಿಗೆ ಹೊಳೆದದ್ದು ನನಗೆ ಹೊಳೆಯಲಿಲ್ಲ. ಚಿತ್ರದ ಟ್ಯಾಗಿನೊಳಗೆ ‘ಆಲ್ಟ್’ ಎಂಬ ಜಾಗ ಇರುವುದು ಅದಕ್ಕೇ. ಈಗ ಪ್ರತಿ ಚಿತ್ರಕ್ಕೂ ಒಂದು ಸಾಲು ಬರೆದಿದ್ದೇನೆ.

ಇಲ್ಲಿಗೆ ನನ್ನ ತಕರಾರು ಬಂತು. ‘ಕರ್ವ್ಸ್ ಮಾಡಿ ಕೊಡ್ರಿ’ ಎಂದು ಫ್ಲೆಕ್ಸಿನವರು ಕೇಳುತ್ತಾರೆ, ನೀವು ಕೊಡುತ್ತೀರಿ. ಫಾಂಟಿನ ರಗಳೆ ತಪ್ಪುತ್ತದೆ, ಸರಿ. ಆದರೆ ಕರ್ವ್ಸ್ ಮಾಡಿದ ಗಳಿಗೆಗೆ ಅಕ್ಷರ ಸತ್ತು ಗೆರೆಯಾಯಿತು. ಹುಡುಕಿದರೆ ಸಿಗದು, ತಿದ್ದಲು ಬಾರದು, ನನ್ನ ಆ ಶಿಷ್ಯನಿಗೆ ಕೇಳಿಸದು. ವಾಟ್ಸಾಪಿನಲ್ಲಿ ತಿರುಗುವ ಜೆಪಿಜಿ ಹ್ಯಾಂಡ್‌ಬಿಲ್ಲಿನ ಹಣೆಬರಹವೂ ಇದೇ. ಫ್ಲೆಕ್ಸಿಗೆ ಕೊಡುವ ಪ್ರತಿ ಕರ್ವ್ಸ್ ಇರಲಿ. ಮೂಲ ಫೈಲನ್ನು ಮಾತ್ರ ಹಾಗೆ ಮಾಡಬೇಡಿ, ಯುನಿಕೋಡಿನಲ್ಲಿ ಒಂದು ಪ್ರತಿ ಅಕ್ಷರವಾಗಿಯೇ ಇರಲಿ. ಇನ್‌ಡಿಸೈನಿನ ಈಚಿನ ಆವೃತ್ತಿಗಳು ಕನ್ನಡ ಯುನಿಕೋಡನ್ನು ಸರಿಯಾಗಿಯೇ ಜೋಡಿಸುತ್ತವೆ, ಪೇಜ್‌ಮೇಕರಿಗೆ ಜೋತುಬೀಳುವ ಕಾಲ ಮುಗಿದಿದೆ. ಫಾಂಟೂ ಬೇಕಾದಷ್ಟಿವೆ. ನೋಟೋ, ಬಾಲೂ ತಮ್ಮ, ಅನೇಕ್, ತಿರೋ, ಎಲ್ಲ ಪುಕ್ಕಟೆ. ‘ಹುಬ್ಬಳ್ಳಿ’ ಎಂಬ ಹೆಸರಿನ ಫಾಂಟೂ ಇದೆ. ಸೇಡಂ ಹೆಸರಿನದು ಯಾವಾಗ ಬರುತ್ತದೋ.

ನಿಮ್ಮ ಪ್ರಶ್ನೆ ನನಗೆ ಇಲ್ಲಿಗೇ ಕೇಳಿಸುತ್ತಿದೆ: ‘ಇದರಾಗ ನಮಗೇನು ಗಿಟ್ಟತದ ಮಾಸ್ತರ?’ ರೊಕ್ಕದ ಭರವಸೆ ಕೊಡಲಾರೆ. ಲಗ್ನಪತ್ರದ ಧಂಧೆ ವಾಟ್ಸಾಪಿನಿಂದ ಇಳಿದಿದೆ, ಸೇವಾ ಸಿಂಧು ಅರ್ಜಿ ತುಂಬಿಯೇ ಅಂಗಡಿ ಬಾಡಿಗೆ ಹೊರಡುತ್ತಿದೆ ಎಂದು ನೀವೇ ಹೇಳಿದ್ದೀರಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನಿಮ್ಮ ತಾಲೂಕಿನ ದಾಲ್ ಮಿಲ್ಲುಗಳಲ್ಲಿ, ಫರ್ಸಿ ಪಾಲಿಶ್ ಮಾಡುವವರಲ್ಲಿ, ಶಾಲೆಗಳಲ್ಲಿ ಎಷ್ಟು ಜನಕ್ಕೆ ಕನ್ನಡದಲ್ಲಿ ಒಂದು ನೆಟ್ಟಗಿನ ಪುಟ ಇದೆ ಎಂದು ಒಂದು ಸಂಜೆ ಕೂತು ಎಣಿಸಿ. ಗಿರಾಕಿ ಎಲ್ಲಿದ್ದಾನೆ ಎಂದು ನಾನು ಹೇಳಬೇಕಿಲ್ಲ. ಆದರೆ ಮೊದಲು ನಿಮ್ಮದೇ ಒಂದು ಪುಟ ಮಾಡಿ. ಅಂಗಡಿಯ ಹೆಸರು, ಕೆಲಸ, ದರ, ವಾರದ ಸೂಟಿ. ನಾಲ್ಕು ಸಾಲು ಸಾಕು. ಎಚ್‌ಟಿಎಂಎಲ್‌ನ ಶುರುವಿನಲ್ಲಿ ಮೊದಲು ಭಾಷೆ ಕನ್ನಡ ಎಂದು ಹೇಳಿ, ಆಮೇಲೆ ಯುಟಿಎಫ್-8 ಎಂದು ಹೇಳಿ. ಎರಡನೆಯದು ಮರೆತೇ ನಾನು ಒಂದು ವಾರ ಅರ್ಥವಿಲ್ಲದ ಅಕ್ಷರ ನೋಡುತ್ತ ಕೂತಿದ್ದೆ. ಗಿಟ್‌ಹಬ್ ಪೇಜಸ್‌ನಂತಹ ಕಡೆ ಇಡುವುದಕ್ಕೆ ಪೈಸೆ ಖರ್ಚಿಲ್ಲ. ಸ್ವಂತ ಹೆಸರು ಬೇಕಾದರೆ ಮಾತ್ರ ವರ್ಷಕ್ಕಿಷ್ಟು ಕಟ್ಟಬೇಕು, ಅದನ್ನು ನಿಮ್ಮ ಹೆಸರಲ್ಲೇ ಕಟ್ಟಿ. ನನ್ನ ಹಳೆಯ ಹೆಸರು ಮಧ್ಯವರ್ತಿಯೊಬ್ಬರ ಖಾತೆಯಲ್ಲಿತ್ತು. ಅವರು ಅಂಗಡಿ ಮುಚ್ಚಿದರು, ಹೆಸರೂ ಹೋಯಿತು.

ತೂಕದ ಮೇಲೂ ಕಣ್ಣಿರಲಿ. ಚಿಂಚೋಳಿಯವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಕುಂಚಾವರಂ ಕಾಡಿನ ದಾರಿಯಲ್ಲಿ ನನ್ನದೇ ಸೈಟು ತೆರೆಯಲು ಹೋಗಿ, ಒಂದು ಫೋಟೋ ಮೂಡುವಷ್ಟರಲ್ಲಿ ಬಸ್ಸು ಎರಡು ತಾಂಡಾ ದಾಟಿತ್ತು. ಮನೆಗೆ ಬಂದು ನೋಡಿದರೆ ಕ್ಯಾಮೆರಾದಿಂದ ಇಳಿಸಿದ 4 ಎಂಬಿ ಚಿತ್ರವನ್ನು ಹಾಗೇ ಏರಿಸಿದ್ದೆ. ಈಗ ಯಾವುದೂ 100 ಕೆಬಿ ದಾಟುವುದಿಲ್ಲ. ಪ್ರಿಂಟಿಗೆ 300 ಡಿಪಿಐ ಇಡುವ ನಿಮ್ಮ ಕೈ ಇದಕ್ಕೆ ಮೊದಮೊದಲು ಒಗ್ಗುವುದಿಲ್ಲ.

ಇನ್ನು ಹಳೆಯ ಫೈಲುಗಳು. ನಿಮ್ಮ ಮೂಲೆಯ ಸತ್ತ ಸಿಪಿಯುಗಳಲ್ಲಿ ಏನೇನಿದೆ ಎಂದು ನನಗೆ ಗೊತ್ತು, ಅರ್ಧಕ್ಕೆ ಪ್ರೂಫ್ ನೋಡಿದವನೇ ನಾನು. ಎಪ್ಪತ್ತು ಊರಿನ ಜಾತ್ರೆಯ ಕಾರ್ಯಕ್ರಮಪಟ್ಟಿ, ನಾಟಕ ಕಂಪನಿಗಳ ಹ್ಯಾಂಡ್‌ಬಿಲ್ಲು, ಭಜನಾ ಮೇಳದವರು ಬರೆಸಿದ ಪದಗಳು, ಶಾಲೆಗಳ ಸ್ಮರಣ ಸಂಚಿಕೆಗಳಲ್ಲಿ ಹಿರಿಯರು ಹೇಳಿದ ರಜಾಕಾರರ ಕಾಲದ ನೆನಪುಗಳು. ಇವು ಬೇರೆ ಎಲ್ಲೂ ಇಲ್ಲ. ಗಿರಾಕಿಯ ಕಾಗದ ಗಿರಾಕಿಯದು, ಜಾತಿ ಪತ್ರ, ಆಧಾರ್, ಕೋರ್ಟಿನ ದಾಖಲೆ ಮುಟ್ಟಬೇಡಿ. ಲಗ್ನಪತ್ರದಲ್ಲೂ ಜನರ ಫೋನ್ ನಂಬರ್ ಇರುತ್ತದೆ. ಬರೆದವರನ್ನೋ ಅವರ ಮಕ್ಕಳನ್ನೋ ಕೇಳಿ, ಹೂಂ ಎಂದದ್ದನ್ನು ಮಾತ್ರ ಯುನಿಕೋಡಿಗೆ ತರೋಣ. ಹೋದ ವರ್ಷ ಕಾಲೇಜು ಹುಡುಗಿಯೊಬ್ಬಳು ‘ನಾಗಾವಿ’ ಎಂದು ಕನ್ನಡದಲ್ಲಿ ಹುಡುಕಿ ನನ್ನ ಪುಟಕ್ಕೆ ಬಂದಳು. ಹಳೆಯ ಸೈಟಿನಲ್ಲಿ ಅದೇ ಲೇಖನ ಹದಿನೈದು ವರ್ಷ ಇತ್ತು, ಹುಡುಕಿದವರಿಗೆ ಒಂದು ಸಲವೂ ಸಿಗಲಿಲ್ಲ. ಅಲ್ಲಿ ಆ ಶಬ್ದವೇ ಇರಲಿಲ್ಲ, ವೇಷ ಇತ್ತು.

ಅವಳು ಓದಲು ಬಂದದ್ದು ನಾಗಾವಿಯ ಘಟಿಕಾಸ್ಥಾನದ ಬಗ್ಗೆ. ಚಿತ್ತಾಪುರದ ಬಗಲಲ್ಲೇ ಇದ್ದ ಆ ವಿದ್ಯಾಕೇಂದ್ರದ 1058ರ ಶಾಸನದಲ್ಲಿ ಓದುವವರ, ಓದಿಸುವವರ ಲೆಕ್ಕದ ಜೊತೆಗೆ ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರ ಲೆಕ್ಕವೂ ಇದೆ: ಆರು ಜನ. ಐದು ಊರಿಗೆ ನೀವು ಒಬ್ಬೊಬ್ಬರು ಬಂದರೆ ಐದಾಯಿತು. ಆರನೆಯವನು ನಾನಿದ್ದೇನೆ.

ಬರುವ ಸೋಮವಾರದಿಂದ ಒಂದೊಂದು ದಿನ ಒಂದೊಂದು ಊರಿಗೆ ಬರುತ್ತೇನೆ. ಸೇಡಂ, ಚಿತ್ತಾಪುರ, ವಾಡಿಗೆ ರೈಲಿನಲ್ಲಿ, 1874ರಿಂದ ಓಡುತ್ತಿರುವ ಹಳಿ ಅದು, ನನ್ನಷ್ಟು ತಡ ಮಾಡುವುದಿಲ್ಲ. ಶಹಾಬಾದ್, ಚಿಂಚೋಳಿಗೆ ಬಸ್ಸು. ಊಟದ ಹೊತ್ತು ಬಿಟ್ಟು, ಗಿರಾಕಿ ಕಮ್ಮಿ ಇರುವ ಮಧ್ಯಾಹ್ನ ಮೂರಕ್ಕೆ. ಒಂದು ಹಳೆಯ ಫೈಲು, ಒಂದೇ ಒಂದು, ಹುಡುಕಿ ಡೆಸ್ಕ್‌ಟಾಪಿನ ಮೇಲೆ ಇಟ್ಟಿರಿ. ಚಹಾ ನನ್ನ ಕಡೆಯಿಂದ.

ನಿಮ್ಮ,
ಕೆಂಪು ಪೆನ್ನಿನ ಮಾಸ್ತರ

ತಾ.ಕ.: ಬಂದುಹೋದವರ ಲೆಕ್ಕದ ಮೀಟರನ್ನು ಹೊಸ ಸೈಟಿನಿಂದ ತೆಗೆದಿದ್ದೇನೆ. ಹಳೆಯದರಲ್ಲಿ 3,412 ಎಂದು ನಿಂತಿತ್ತು. ಅದರಲ್ಲಿ ಮೂರು ಸಾವಿರ ಸಲ ನಾನೇ ಹೋಗಿ ನೋಡಿದ್ದು.